ವಯಸ್ಸು ತಿದ್ದುವ ಯಂಕವ್ವ

ಮರಾಠಿ ನಾಡಿನ ಕಾತ್ರಜದ ಕೂಲಿ ಬಿಡಾರಗಳಲ್ಲಿ ಕಾಲಪುರುಷ ಯಾರಿಗಾದರೂ ಅಂಜುತ್ತಿದ್ದರೆ ಅದು ಯಂಕವ್ವನಿಗೆ ಮಾತ್ರ. ಸೂರ್ಯಚಂದ್ರರು ಪಂಚಾಂಗ ನೋಡಿಕೊಂಡು ತಿರುಗಲಿ. ಮನುಷ್ಯರ ವಯಸ್ಸು ಮಾತ್ರ ಅವಳು ಹೇಳಿದಂತೆ ಕೇಳುತ್ತಿತ್ತು. ಊರಿಗೆ ಹೋಗುವ ಕಲಬುರಗಿ ಬಸ್ಸಿನ ಕಂಡಕ್ಟರ್ ಹತ್ತಿರ ಬಂದರೆ ಮೀಸೆ ಚಿಗುರಿದ ಹುಡುಗನೂ ಅರ್ಧ ಟಿಕೆಟ್ಟಿಗೆ ಇಳಿಯುತ್ತಿದ್ದ. ವೃದ್ಧಾಪ್ಯ ವೇತನದ ಸುದ್ದಿ ಬಂದ ದಿನ, ಬೆಳಿಗ್ಗೆ ಇಟ್ಟಿಗೆ ಹೊತ್ತ ಬಸವಲಿಂಗ ಸಂಜೆಗೆ ಅರವತ್ತೈದರ ಮುದುಕನಾಗಿ ಕೆಮ್ಮುತ್ತಿದ್ದ. ಚಿತ್ರಗುಪ್ತ ಈ ಕಡೆ ಬಂದರೂ ಯಂಕವ್ವನನ್ನು ಒಂದು ಮಾತು ಕೇಳಿಯೇ ಮುಂದೆ ಹೋಗಬೇಕಿತ್ತು.

ಹೀಗಿರುವಾಗ ಮೊಮ್ಮಗಳು ಸಪ್ನಾ ಬಸಿರಾದಳು. ಅವಳಿಗೆ ಹದಿನೇಳು, ಸೆಂಟ್ರಿಂಗ್ ಕೆಲಸದ ಪ್ರೇಮಕುಮಾರನಿಗೆ ಹತ್ತೊಂಬತ್ತು. ಇಬ್ಬರೂ ಯಾರನ್ನೂ ಕೇಳದೆ ಗುಡಿಯಲ್ಲಿ ಮಾಲೆ ಹಾಕಿಕೊಂಡು ಬಂದು ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿದ್ದರು. ಹದಿನೆಂಟು ತುಂಬದ ಹುಡುಗಿ ತಾನು ಒಪ್ಪಿದೆ ಎಂದರೂ ಕಾನೂನು ಒಪ್ಪುವುದಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ಹುಡುಗ ಒಳಗೆ.

ಸಪ್ನಾಳ ಅಪ್ಪ ಗುರಣ್ಣ ಉಪಾಯ ಹುಡುಕಿದ.

"ಹೆರಿಗಿ ಇಲ್ಲೇ ಶೆಡ್ಡಿನ್ಯಾಗ ಆಗ್ಲಿ ಯವ್ವಾ. ಜೂನ್ ಒಂದಕ್ಕ ಈಕಿಗಿ ಹದಿನೆಂಟು. ಆಮ್ಯಾಲ ಕೂಸು ಹುಟ್ಯಾದ ಅಂತ ಬರಸಿದ್ರಾತು."

"ಅಷ್ಟೊತ್ತಿಗಿ ಅದಕ್ಕ ಹಲ್ಲು ಬಂದಿರ್ತಾವಲ್ಲೋ ಖೋಡಿ!"

"ಬಸವಲಿಂಗನ್ನ ಮುದುಕನ್ನ ಮಾಡ್ದಾಕಿ ನೀ. ನಾಕು ಹಲ್ಲು ಮುಚ್ಚೋದು ನಿನಗ ಭಾಳೇನು?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಯಂಕವ್ವನೂ ನಕ್ಕಳು. ಇಂಥ ಕೆಲಸ ಅವಳಿಗೂ ಹೊಸದು. ಒಳಗೊಳಗೇ ಹುರುಪು ಬಂದಿತ್ತು.

ಒಂದು ಮಧ್ಯಾಹ್ನ ರೊಟ್ಟಿ ಕೊಡಲು ಹೋದಾಗ ಸಪ್ನಾ ಗೋಡೆಗೆ ಒರಗಿ ಕೂತಿದ್ದಳು. "ಆಯಿ, ಕಣ್ಣಿಗಿ ಮಂಜು ಮಂಜು ಆಗ್ಲತ್ತದ." ಯಂಕವ್ವ ಅವಳ ಬಾತ ಪಾದ ಒತ್ತಿ ನೋಡಿದಳು. ಹೆಬ್ಬೆರಳು ಒತ್ತಿದ ಕುಳಿ ಹಾಗೇ ಉಳಿಯಿತು. ಇದು ಶೆಡ್ಡಿನಲ್ಲಿ ಆಗುವ ಹೆರಿಗೆಯಲ್ಲ.

ಪ್ರೇಮಕುಮಾರನೇ ಓಡಿ ಆಟೋ ತಂದ.

"ನೀ ಬರಬ್ಯಾಡಪ್ಪ, ಹಿಡೀತಾರ," ಎಂದಳು ಯಂಕವ್ವ.

"ಹಿಡೀಲಿ," ಎಂದು ಅವನು ಡ್ರೈವರನ ಪಕ್ಕ ತೂರಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು, "ವಯ ಕಿತಿ, ಆಜಿ?"

ಹುಡುಗಿಯ ವಯಸ್ಸೆಷ್ಟು! ಹಿಂದಿನಿಂದ ಬಂದಿದ್ದ ಗುರಣ್ಣ ಬಾಗಿಲಲ್ಲೇ ನಿಂತು ಅವ್ವನ ಬಾಯಿ ನೋಡಿದ. ಜನ್ಮವಿಡೀ ಸಾಣೆ ಹಿಡಿದ ನಾಲಗೆಗೆ ತಕ್ಕ ರಣರಂಗ ಕೊನೆಗೂ ಎದುರಾಗಿತ್ತು.

"ಸತರಾ," ಎಂದಳು ಯಂಕವ್ವ. ಹದಿನೇಳು.

ಸಂಜೆಗೆ ಹೆಣ್ಣು ಕೂಸು ಹುಟ್ಟಿತು, ತಾಯಿಯೂ ಉಳಿದಳು. ಪೊಲೀಸರು ಬಂದರು. ಪ್ರೇಮಕುಮಾರ ಕೂಸಿನ ಮುಖ ನೋಡಿಕೊಂಡು ಜೀಪು ಹತ್ತಿದ. ಜಾಮೀನು ಸಿಗುವ ಹೊತ್ತಿಗೆ ಅದು ಅಂಬೆಗಾಲಿಡುತ್ತಿತ್ತು. ಕೇಸು ಇನ್ನೂ ನಡೆದಿದೆ. ತಾರೀಖು ಬಂದಾಗಲೆಲ್ಲ ಅವನು ದಿನಗೂಲಿ ಬಿಟ್ಟು ಶಿವಾಜಿನಗರದ ಕೋರ್ಟಿಗೆ ಹೋಗುತ್ತಾನೆ. ಕೂಸನ್ನೆತ್ತಿಕೊಂಡು ಸಪ್ನಾಳೂ ಹಿಂದೆಯೇ. ಕೂಸಿನ ಹೆಸರು ಆರತಿ. ಅದರ ಜನನ ಪತ್ರದಲ್ಲಿ ಅಪ್ಪ, ಅಮ್ಮ, ತಾರೀಖು ಮೂರೂ ನಿಜ. ಶಾಲೆಯ ಮಾಸ್ತರರ ಕೃಪೆಯಿಂದ ಇಡೀ ಮನೆತನವೇ ಜೂನ್ ಒಂದರಂದು ಹುಟ್ಟಿದ್ದಾಗಿದೆ. ಹಾಗೆ ಹುಟ್ಟದವಳು ಇವಳೊಬ್ಬಳೇ.

ಗುರಣ್ಣನ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಕಂಡಕ್ಟರಗ, ಸಾಹೇಬಗ, ಎಲ್ಲಾರಿಗೂ ಸುಳ್ಳು ಹೇಳ್ದಾಕಿ, ಅವತ್ತೊಂದಿನ ಹರಿಶ್ಚಂದ್ರನ ಮಗಳ ಹಂಗ ಯಾಕ ನಿಂತಿ ಯವ್ವಾ?"

ಯಂಕವ್ವ ಆರತಿಯ ಮೂಗು ಒರೆಸಿದಳು.

"ಎಲ್ಲಿ ಹರಿಶ್ಚಂದ್ರೋ. ಪೋರಿ ಕಾಲು ಬಾತಿದ್ವು. ಸುಳ್ಳು ಜೋಡ್ಸಲಾಕ ಪುರಸೊತ್ತೆಲ್ಲಿತ್ತು?"