ಈಜುಗುರುವಿನ ಮೊದಲನೆಯ ಮೆಟ್ಟಿಲು

ಯಡ್ರಾಮಿ ಸೀಮೆಯ ಸಮಸ್ತ ಬಾವಿಗಳು, ಕಪ್ಪೆಗಳು ಹಾಗೂ ನನ್ನ ಗೆಳೆಯರ ಸನ್ನಿಧಾನಕ್ಕೆ ಈಜುಗುರುವಾದ ನಾನು ವಿನಯಪೂರ್ವಕ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನೀರೆಂದರೆ ನಡುಗುವ ಗೆಳೆಯ ಸಲೀಮನಿಗೆ ವಾರದಿಂದ ಈಜು ಕಲಿಸುತ್ತಿದ್ದೇನೆ. ಅವನ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ, "ದಿನಕ್ಕ ಒಂದೇ ಮೆಟ್ಟಲಾ ಇಳೀಲೇ, ಅವಸರ ಮಾಡಬ್ಯಾಡ" ಎಂದು ಬಾವಿಕಟ್ಟೆಯ ಮೇಲಿಂದಲೇ ಉಪದೇಶಿಸುತ್ತಿದ್ದೆ. ಇಂದು ಏಳನೆಯ ಮೆಟ್ಟಿಲು, ಕುತ್ತಿಗೆಯವರೆಗೆ ನೀರು. ಅವನು ಕಣ್ಣು ಮುಚ್ಚಿ ಹಿಡಿದಿದ್ದ ಮೆಟ್ಟಿಲು ಬಿಟ್ಟ, ತೇಲಿದ, ಎದುರಿನ ಗೋಡೆ ಮುಟ್ಟಿಯೇಬಿಟ್ಟ! ಕಟ್ಟೆಯ ಮೇಲಿದ್ದ ಗೆಳೆಯರೆಲ್ಲ ಚಪ್ಪಾಳೆ ಹೊಡೆದರು.

ಗೋಡೆಯ ಕಲ್ಲು ಹಿಡಿದುಕೊಂಡೇ ಸಲೀಮ ಕೂಗಿದ: "ಉಸ್ತಾದ್, ಈಗ ನೀ ಇಳೀಲೇ!"

"ನನಗ ನೆಗಡಿ ಆಗ್ಯಾದ."

"ವಾರ ಪೂರಾ ನೆಗಡೀನೇ ಏನಲೇ?"

ಎಲ್ಲರೂ ನನ್ನತ್ತ ತಿರುಗಿದರು. ಸಲೀಮ ಮೇಲೆ ಬಂದು ಡಬ್ಬಿ ಬಿಚ್ಚಿ ನನ್ನ ಬೆನ್ನಿಗೆ ಕಟ್ಟಿದ.

ಗುರುವಿನ ಇಂದಿನ ಸಾಧನೆ: ಮೊದಲನೆಯ ಮೆಟ್ಟಿಲು, ಪಾದ ಮುಳುಗುವಷ್ಟು ನೀರು. ಅದೂ ಶಿಷ್ಯನ ಕೈ ಹಿಡಿದುಕೊಂಡು.