ಎರಡು ಸಲ ಒಡೆಯದ ಗಾಜು

ನೇಪರ್‌ವಿಲ್‌ನ ಕನ್ನಡಿಗರ ಮನೆಗಳಲ್ಲಿ ಈ ಕಥೆಯನ್ನು ಹೀಗೆ ಹೇಳುತ್ತಾರೆ: ಜಾಮೀನಿಗೆ ಹಣ ಕಟ್ಟಿಸಿಕೊಳ್ಳುವುದನ್ನೇ ರದ್ದು ಮಾಡಿಬಿಟ್ಟರು, ಹಾಗಾಗಿ ಒಬ್ಬ ಕಳ್ಳ ನಮ್ಮವರ ದಿನಸಿ ಅಂಗಡಿಯ ಗಾಜು ಒಡೆದು ಜೈಲಿಗೆ ಹೋದವನು ಎರಡೇ ದಿನಕ್ಕೆ ಹೊರಬಂದ, ಬಂದವನೇ ಮತ್ತೆ ಅದೇ ಗಾಜು ಒಡೆದ. ಇದನ್ನು ನಾನು ಹಲವು ಊಟದ ಮೇಜುಗಳಲ್ಲಿ ಕೇಳಿದೆ. ಎಲ್ಲ ಕಡೆಯೂ ಗಾಜು ಎರಡು ಸಲ ಒಡೆಯಿತು. ಒಂದು ಮನೆಯಲ್ಲಿ ಮಾತ್ರ ಗಲ್ಲಾಪೆಟ್ಟಿಗೆಯೂ ಹೋಯಿತು. ನನಗೆ ಅನುಮಾನ ಬಂದದ್ದು ಗಾಜಿನ ಬಗ್ಗೆ ಅಲ್ಲ, ಭೂಗೋಳದ ಬಗ್ಗೆ. ಜಾಮೀನಿನ ಹಣ ರದ್ದಾಗಿರುವುದು ನಾವು ಕೂತು ಉಣ್ಣುತ್ತಿದ್ದ ಇಲಿನಾಯ್ ರಾಜ್ಯದಲ್ಲಿ. ಅಂಗಡಿ ಇರುವುದು ಮಿಷಿಗನ್ನಿನಲ್ಲಿ, ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ. ನಡುವೆ ಇಂಡಿಯಾನಾ ಎಂಬ ಇನ್ನೊಂದು ರಾಜ್ಯ ಅಡ್ಡ ಮಲಗಿದೆ. ಇಲ್ಲಿಯ ಕಾನೂನು ಅಲ್ಲಿಯ ಕಳ್ಳನನ್ನು ಬಿಡಿಸಿದ್ದು ಹೇಗೆ?

ಈ ಪ್ರಶ್ನೆಯನ್ನು ನಾನು ಕೇಳಿದ್ದು ಪ್ರಕಾಶ್ ಅಂಕಲ್ ಮನೆಯಲ್ಲಿ. ಅವರು ಊರಿಂದ ಬಂದು ನಾನು ಉಳಿದುಕೊಂಡಿದ್ದ ಚಿಕ್ಕಮ್ಮನ ಮನೆಯ ನೆರೆಯವರು, ಬೆಂಗಳೂರಿನವರು, ಎಂಜಿನಿಯರ್. ಅಂಗಡಿಯ ಮಾಲೀಕ ಖಾದರ್ ಅಂಕಲ್ ಹುಬ್ಬಳ್ಳಿಯ ಕಾಲೇಜಿನಲ್ಲಿ ಅವರ ಸಹಪಾಠಿ. ವಾದದಲ್ಲಿ ಅವರು ಸೋಲಲಿಲ್ಲ, ಗೆಲ್ಲಲೂ ಇಲ್ಲ. ಕಾರಿನ ಕೀಲಿ ತೋರಿಸಿದರು. ಆ ಭಾನುವಾರ ಕ್ಯಾಂಟನ್‌ನಲ್ಲಿ ಕೌಂಟಿ ಪ್ರಾಸಿಕ್ಯೂಟರ್ ಹುದ್ದೆಗೆ ನಿಂತ ಅಭ್ಯರ್ಥಿಯೊಬ್ಬರು ನಮ್ಮ ಜನರನ್ನು ಭೇಟಿಯಾಗಲು ಬರುವವರಿದ್ದರು, ಖಾದರ್ ಅಂಕಲ್ ಅಲ್ಲಿ ಎದ್ದು ಮಾತಾಡುವವರಿದ್ದರು. ನಿಮಗೆ ಅಲ್ಲಿ ವೋಟೇ ಇಲ್ಲವಲ್ಲ ಅಂಕಲ್ ಎಂದೆ.

"ವೋಟ್ ಇಲ್ಲ, ಅಭಿಪ್ರಾಯ ಇದೆ. ನೀನೂ ಬಾ, ನಿನಗೆ ಎರಡೂ ಇಲ್ಲ, ಬಾಯಿ ಇದೆ" ಎಂದರು.

ಊರಿನ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಸರ್ಕಾರಿ ವಕೀಲರನ್ನು ಸರ್ಕಾರ ನೇಮಿಸುತ್ತದೆ. ಇಲ್ಲಿ ಆರೋಪಿಯ ಮೇಲೆ ಯಾವ ಮೊಕದ್ದಮೆ ಹೂಡಬೇಕು, ಜಾಮೀನಿಗೆ ಎಷ್ಟು ಕೇಳಬೇಕು ಎಂದು ತೀರ್ಮಾನಿಸುವ ವಕೀಲನನ್ನು ಕೌಂಟಿಯ, ಅಂದರೆ ಜಿಲ್ಲೆಯ, ಜನ ವೋಟು ಹಾಕಿ ಆರಿಸುತ್ತಾರೆ. ಹಾಗಾಗಿ ಅಕ್ಟೋಬರಿನಲ್ಲಿ ಮನೆಯೆದುರಿನ ಹುಲ್ಲಿನ ಮೇಲೆ ಹ್ಯಾಲೋವೀನ್ ಹಬ್ಬದ ಕುಂಬಳಕಾಯಿಯ ಜೊತೆ ವಕೀಲರ ಹೆಸರಿನ ಫಲಕಗಳೂ ಮೊಳೆಯುತ್ತವೆ.

ಶನಿವಾರ ಬೆಳಿಗ್ಗೆ ಹೊರಟೆವು. ಹೊರಗೆ ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತು, ಸಣ್ಣಗೆ ಗಾಳಿ. ದಾರಿ ಸುಮಾರು ಇನ್ನೂರ ಎಪ್ಪತ್ತು ಮೈಲಿ. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ಪುಳಿಯೋಗರೆ, ಮೊಸರನ್ನದ ಡಬ್ಬಿಗಳು. ಷಿಕಾಗೋ ಸುತ್ತಿನ ಟೋಲ್ ರಸ್ತೆಯಲ್ಲಿ ಯಾರೂ ನಿಲ್ಲಿಸುವುದಿಲ್ಲ. ಕಾರಿನ ಗಾಜಿಗೆ ಅಂಟಿಸಿದ ಪೆಟ್ಟಿಗೆಯನ್ನು ಓದಿ ದುಡ್ಡು ಕಿತ್ತುಕೊಳ್ಳುತ್ತಾರೆ. ಇಂಡಿಯಾನಾದಲ್ಲಿ ಉಕ್ಕಿನ ಕಾರ್ಖಾನೆಗಳ ಹೊಗೆ, ಮುಂದಿನ ಲಾರಿಗಳ ಹಿಂಬದಿ. ಮಹಾಸರೋವರ ಎಡಗಡೆಗೇ ಇದೆ ಎಂದು ಅಂಕಲ್ ಹೇಳುತ್ತಲೇ ಇದ್ದರು, ಒಂದು ಸಲವೂ ಕಾಣಲಿಲ್ಲ.

ಮಿಷಿಗನ್ ಗಡಿ ದಾಟಿದ ಕ್ಷಣ ಫೋನಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯಿತು. ರಾಜ್ಯ ಬದಲಾದರೆ ಗಂಟೆಯೇ ಬದಲಾಗುತ್ತದೆ ಎಂದು ಒಪ್ಪುವವರು ಕಾನೂನು ಬದಲಾಗುತ್ತದೆ ಎಂದು ಒಪ್ಪಲು ಏನು ತೊಂದರೆ ಎಂದು ಕೇಳಿದೆ. ಕಾರು ತಾನೇ ಒಂದೇ ವೇಗದಲ್ಲಿ ಓಡುವಂತೆ ಅಂಕಲ್ ಕ್ರೂಸ್ ಕಂಟ್ರೋಲ್ ಹಾಕಿದರು. ನಾನು ಬಿಡಲಿಲ್ಲ. ಇಲಿನಾಯ್‌ನಲ್ಲಿ ಈಗ ನ್ಯಾಯಾಧೀಶರು ಆರೋಪಿಯನ್ನು ಬಿಡಬೇಕೋ ಹಿಡಿದಿಡಬೇಕೋ ಎಂದು ವಿಚಾರಣೆ ಮಾಡಿ ಹೇಳುತ್ತಾರೆ, ಮಧ್ಯೆ ದುಡ್ಡಿಲ್ಲ. ಮಿಷಿಗನ್‌ನಲ್ಲಿ ಹಳೆಯ ಪದ್ಧತಿ: ಮೊತ್ತ ಕಟ್ಟಿದರೆ ಮನೆ, ಕಟ್ಟದಿದ್ದರೆ ಜೈಲು. ಹಾಗಿದ್ದರೆ ನಿಮ್ಮ ಕಳ್ಳ ಹೊರಬಂದದ್ದು ಯಾರೋ ದುಡ್ಡು ಕಟ್ಟಿದ್ದರಿಂದ ಇರಬಹುದಲ್ಲ?

"ಅವನಿಗೆ ಯಾರಮ್ಮ ಕಟ್ತಾರೆ" ಎಂದು ಅಂಕಲ್ ನಕ್ಕರು. ಕ್ಯಾಲಮಜೂ ಹತ್ತಿರದ ತಂಗುದಾಣದಲ್ಲಿ ಕಾರೊಳಗೇ ಕೂತು ಪುಳಿಯೋಗರೆ ತಿಂದೆವು. ಆ ಪ್ರಶ್ನೆ ಅಲ್ಲಿಗೇ ನಿಂತಿತು.

ಕ್ಯಾಂಟನ್ ತಲುಪಿದಾಗ ಮಧ್ಯಾಹ್ನ. ಅಂಗಡಿ ಅಗಲವಾದ ರಸ್ತೆಯ ಬದಿಯ ಸಾಲು ಮಳಿಗೆಗಳಲ್ಲಿ ಒಂದು, ಎದುರಿಗೆ ಕಾರು ನಿಲ್ಲಿಸುವ ಬಯಲು. ಆ ಪ್ರಸಿದ್ಧ ಗಾಜು ಹೊಳೆಯುತ್ತಿತ್ತು, ಮೂಲೆಯಲ್ಲಿ ಕಾರ್ಖಾನೆಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ಒಳಗೆ ಸೋನಾಮಸೂರಿ ಚೀಲಗಳ ಗೋಡೆ, ಅದರ ಹಿಂದೆ ಬೆನ್ನು ನೀವಿಕೊಳ್ಳುತ್ತಿದ್ದ ಖಾದರ್ ಅಂಕಲ್. ವಾರವಾರ ಬರುವ ಲಾರಿಯ ಮಾಲನ್ನು ಈಗ ಅವರೇ ಇಳಿಸುತ್ತಾರಂತೆ. ಹಳೆಯ ಗೆಳೆಯರು ಮೊದಲು ಒಬ್ಬರ ಹೊಟ್ಟೆಯನ್ನು ಇನ್ನೊಬ್ಬರು ಆಡಿಕೊಂಡರು, ಆಮೇಲೆ ತಬ್ಬಿಕೊಂಡರು.

ಎರಡನೇ ಸಲ ಒಡೆದದ್ದು ಯಾವಾಗ ಎಂದು ನಾನು ಕೇಳಿದೆ.

"ಯಾವ ಎರಡನೇ ಸಲ?" ಎಂದರು ಖಾದರ್ ಅಂಕಲ್.

ಗಾಜು ಒಡೆದದ್ದು ಒಂದೇ ಸಲ. ಅಲ್ಲಿಗೆ ಪ್ಲೈವುಡ್ ಹಲಗೆ ಹೊಡೆದರು. ಹೊಸ ಗಾಜು ಬಂತು, ಹಲಗೆ ತೆಗೆದರು. ನೋಡಿದರೆ ಗಾಜು ಅಳತೆ ತಪ್ಪಿ ಚೌಕಟ್ಟಿಗೆ ಕೂರಲಿಲ್ಲ. ಅದನ್ನು ವಾಪಸ್ ಕಳಿಸಿ ಮತ್ತೆ ಅದೇ ಹಲಗೆ ಹೊಡೆದರು. ಒಂದು ಶನಿವಾರ ಹಲಗೆ ಕಂಡ ಗಿರಾಕಿಗಳು, ನಡುವೆ ತೆರೆದ ಚೌಕಟ್ಟು ಕಂಡು, ಮುಂದಿನ ವಾರ ಮತ್ತೆ ಹಲಗೆ ಕಂಡು, ಗಾಜು ಇನ್ನೊಮ್ಮೆ ಒಡೆಯಿತು ಎಂದುಕೊಂಡರು. ಯಾರೋ ಫೋಟೋ ತೆಗೆದು ಕ್ಯಾಂಟನ್ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದರು, ಅಲ್ಲಿಂದ ಅದು ನೇಪರ್‌ವಿಲ್ ಗುಂಪಿಗೆ ಹಾರಿತು, ಅಲ್ಲಿಯವರು ತಮ್ಮ ರಾಜ್ಯದ ಕಾನೂನನ್ನು ಅದಕ್ಕೆ ಜೋಡಿಸಿ ವಾಪಸ್ ಕಳಿಸಿದರು. ಪ್ರಕಾಶ್ ಅಂಕಲ್ ಬೇಳೆಯ ಪೊಟ್ಟಣವೊಂದನ್ನು ಎತ್ತಿ ಅದರ ಹಿಂಬದಿ ಓದತೊಡಗಿದರು.

ರಾತ್ರಿಯ ಊಟ ಅವರ ಮನೆಯಲ್ಲಿ. ನಸೀಮಾ ಆಂಟಿ, ಖಾದರ್ ಅಂಕಲ್ ಅವರ ಹೆಂಡತಿ, ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಮಾಡಿದ್ದರು. ಒಡೆದವನು ಯಾರು ಎಂದು ಕೇಳಿದ್ದಕ್ಕೆ ಆಂಟಿ ಹೆಸರು ಹಿಡಿದೇ ಹೇಳಿದರು. ಡ್ಯಾರೆನ್. ಅವನು ಕಳ್ಳನಲ್ಲ. ಅದೇ ಅಂಗಡಿಯಲ್ಲಿ ಹಲವು ವರ್ಷ ಲಾರಿಯ ಮಾಲು ಇಳಿಸಿದವನು, ಆಂಟಿಗಿಂತ ಚೂರು ಚಿಕ್ಕ ವಯಸ್ಸಿನವನು. ಕುಡಿದು ಕೆಲಸಕ್ಕೆ ಬಂದನೆಂದು ಖಾದರ್ ಅಂಕಲ್ ಅವನನ್ನು ಗಿರಾಕಿಗಳ ಎದುರಿಗೇ ಬೈದು ಕಳಿಸಿದರು. ಅವನು ಹೊರಗೆ ಹೋಗಿ ಖಾಲಿ ಹಾಲಿನ ಕ್ರೇಟ್ ಎತ್ತಿ ಗಾಜಿಗೆ ಬೀಸಿದ. ಅಂಕಲ್ ಸಿಟ್ಟಿನಲ್ಲಿ ಪೊಲೀಸರನ್ನು ಕರೆದರು. ಜಾಮೀನಿನ ಮೊತ್ತ ಅವನ ಕೈಗೆ ಎಟುಕುವಂಥದ್ದಲ್ಲ. ಮಾರನೇ ದಿನ ಅವನ ತಾಯಿ ಅಂಗಡಿಗೆ ಬಂದರು.

"ಬೈಲಿಲ್ಲ, ಅಳಲಿಲ್ಲ. ಆ ಹಲಗಿ ಮುಂದ ನಿಂತ್ರು. ಮಗನ ಬಿಪಿ ಗುಳಿಗಿ ಜೈಲಿನಾಗ ಕೊಡತಾರೋ ಇಲ್ಲೋ ಅಂತ ಇವರನ್ನ ಕೇಳಿದ್ರು. ಇವರಿಗೇನ್ ಗೊತ್ತು?" ಆಂಟಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಸಂಜೀಕ ನಾವಿಬ್ಬರೂ ಹೋಗಿ ರೊಕ್ಕ ಕಟ್ಟಿ ಬಂದ್ವಿ."

ಪ್ರಕಾಶ್ ಅಂಕಲ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ದೂರು ಕೊಟ್ಟವನೇ ಜಾಮೀನು ಕಟ್ಟಿದನೇ ಎಂದು ಕೇಳಿದರು. ಯಾರು ಬೇಕಾದರೂ ಕಟ್ಟಬಹುದಂತೆ, ಹಣ ಕಟ್ಟುವ ಕಿಟಕಿಯಲ್ಲಿ ಕೂತಾಕೆ ಹೆಸರು ಕೇಳಿದಳೇ ಹೊರತು ಸಂಬಂಧ ಕೇಳಲಿಲ್ಲವಂತೆ.

ನಾನು ಒಪ್ಪಿಬಿಡುವವಳಲ್ಲ. ಲಾರಿ ಇಳಿಸುವವರು ಬೇಕಿತ್ತು, ಅದಕ್ಕೇ ಕಟ್ಟಿದಿರಿ ಎಂದೆ. ಖಾದರ್ ಅಂಕಲ್‌ಗೆ ಬೇಜಾರಾಗಲಿಲ್ಲ, ನಗು ಬಂತು.

"ನಾನೂ ಹಂಗ ಅನ್ಕೊಂಡಿದ್ದೆ ನೋಡವಾ. ಆದ್ರ ಅಂವಾ ಅಂಗಡಿ ಹತ್ರ ಕಾಲಿಡಂಗಿಲ್ಲ ಅಂತ ಜಡ್ಜ್ ಆರ್ಡರ್ ಮಾಡಿಬಿಟ್ರು. ರೊಕ್ಕಾನೂ ನಂದು, ಚೀಲಾನೂ ನನ್ನ ಬೆನ್ನಮ್ಯಾಗ."

ಇಲ್ಲಿಗೆ ಜಾಮೀನಿನ ಹಣ ಬೇಡ ಎನ್ನುವವರ ವಾದ ಗೆದ್ದಿತು ಎಂದುಕೊಳ್ಳಬಹುದು. ಅದೂ ಅಷ್ಟು ಸಲೀಸಲ್ಲ. ಇಲಿನಾಯ್‌ನಲ್ಲಾಗಿದ್ದರೆ ಡ್ಯಾರೆನ್ ಬಹುಶಃ ಯಾರ ದಯೆಯೂ ಇಲ್ಲದೆ ಹೊರಗೆ ಬರುತ್ತಿದ್ದ. ಆಗ ಕಳ್ಳರನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ ಎಂಬ ಪ್ರಕಾಶ್ ಅಂಕಲ್ ಭಯಕ್ಕೆ ಕೊನೇಪಕ್ಷ ಒಂದು ಕಾನೂನಾದರೂ ಆಧಾರಕ್ಕೆ ಸಿಗುತ್ತಿತ್ತು. ಮಿಷಿಗನ್‌ನಲ್ಲಿ ಅವನು ಹೊರಗಿರುವುದು ಅವನಿಂದ ಅಪಾಯವಿಲ್ಲ ಎಂದು ಯಾರೋ ತೂಗಿ ನೋಡಿದ್ದರಿಂದಲ್ಲ. ಅವನ ತಾಯಿ ನಿಂತ ಅಂಗಡಿಯ ಮಾಲೀಕರು ಇಂಥವರಾಗಿದ್ದರಿಂದ. ಇದು ಎರಡೂ ಪಕ್ಷದವರ ಭಾಷಣಕ್ಕೆ ಒಗ್ಗದ ಸಂಗತಿ.

ಆದರೆ ಮೊಕದ್ದಮೆ ಇನ್ನೂ ಮುಗಿದಿರಲಿಲ್ಲ. ವಿಚಾರಣೆ ಚುನಾವಣೆಯ ಆಚೆಗೆ ಬಿದ್ದಿತ್ತು. ಗೆದ್ದವರ ಕಚೇರಿಯೇ ಅದನ್ನು ನಡೆಸಬೇಕು. ಬಿಡುಗಡೆಯಾಗಿ ಬಂದು ಮತ್ತೆ ಒಡೆದವನು ಎಂಬ ಮಾತು ಅಂಟಿಕೊಂಡರೆ ಡ್ಯಾರೆನ್‌ಗೆ ಜೈಲೇ ಗತಿ ಎಂದು ಆಂಟಿಯ ಹೆದರಿಕೆ. ಹಾಗಾದರೆ ನಾಳೆ ನಿಜ ಹೇಳಿಬಿಡಿ ಎಂದೆ. ಖಾದರ್ ಅಂಕಲ್ ಕೈತೊಳೆದು ಬಂದು ನಿಧಾನವಾಗಿ ಹೇಳಿದ್ದು ಇಷ್ಟು: ಆ ಸಭೆಗೆ ಬರುವವರೆಲ್ಲ ಅವರ ಗಿರಾಕಿಗಳು. ಗಾಜು ಒಡೆದಾಗ ಪಾಪ ಎಂದು ದೂರದ ಊರುಗಳಿಂದೆಲ್ಲ ಬಂದು ಅಕ್ಕಿ ಕೊಂಡವರು. ಅವರ ಮುಂದೆ ನಿಂತು, ನೀವು ಹೆದರುವ ಮನುಷ್ಯನನ್ನು ಬಿಡಿಸಿದ್ದು ನಾನೇ ಎಂದು ಹೇಳುವುದು ಹೇಗೆ?

ಭಾನುವಾರದ ಸಭೆ ಒಂದು ಬಡಾವಣೆಯ ಕ್ಲಬ್‌ಹೌಸಿನಲ್ಲಿ. ಕನ್ನಡ ಸಂಘದಲ್ಲಿ ರಾಜಕೀಯ ಕೂಡದು ಎಂಬ ನಿಯಮವಿದೆ. ಆದ್ದರಿಂದ ಸಂಘದ ಹೆಸರು ಹಾಕದೆ, ಸಂಘದ ಕುರ್ಚಿಗಳನ್ನು, ಸಂಘದ ಮೈಕನ್ನು, ಸಂಘದ ಕಾಫಿ ಫ್ಲಾಸ್ಕುಗಳನ್ನು ಮಾತ್ರ ತಂದಿದ್ದರು. ಮನೆಗೊಂದರಂತೆ ತಂದ ತಿಂಡಿ: ಖಾರಾಭಾತ್, ಕೇಸರಿಭಾತ್, ನಿಪ್ಪಟ್ಟು. ಮಕ್ಕಳು ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದವು.

ಅಭ್ಯರ್ಥಿ ಬಿಳಿಯ ಮಹಿಳೆ, ಸೌಮ್ಯವಾದ ದನಿ. ಕಿರುಚುವವರನ್ನು ಎದುರಿಸುವುದು ಸುಲಭ, ಇಂಥವರನ್ನು ಕಷ್ಟ. ಜಾಮೀನಿಗೆ ದೊಡ್ಡ ಮೊತ್ತ ಕೇಳುವುದು ಕ್ರೌರ್ಯವಲ್ಲ, ನಿಮಗೆ ಕೊಡುವ ಭರವಸೆ ಎಂದರು. ಎದುರಾಳಿ ಗೆದ್ದರೆ ಸಣ್ಣ ಅಪರಾಧಗಳಿಗೆ ಮೊತ್ತವನ್ನೇ ಕೇಳುವುದಿಲ್ಲ ಎಂದಿದ್ದಾರೆ, ಆಮೇಲೆ ಪ್ರತಿ ಅಂಗಡಿಗೂ ಹೀಗೇ ಆಗುತ್ತದೆ ಎಂದು ಖಾದರ್ ಅಂಕಲ್ ಕಡೆ ಕೈ ತೋರಿಸಿದರು: ಕಷ್ಟಪಟ್ಟು ದುಡಿಯುವ ಈ ಮನುಷ್ಯನ ಗಾಜನ್ನು ಒಬ್ಬನೇ ಎರಡು ಸಲ ಒಡೆದ. ಸಭೆ ಚಪ್ಪಾಳೆ ತಟ್ಟಿತು. ನಿಜ ಗೊತ್ತಿದ್ದ ಪ್ರಕಾಶ್ ಅಂಕಲ್ ಕೂಡ ತಟ್ಟಿದರು. ನಾನು ನೋಡಿದೆ ಎಂದು ಗೊತ್ತಾಗಿ, ಡೀಟೇಲ್ಸ್ ಬಿಡಮ್ಮ, ಪಾಯಿಂಟ್ ಏನು ಅಂದ್ರೆ ಸೇಫ್ಟಿ ಎಂದು ಪಿಸುಗುಟ್ಟಿದರು.

ಖಾದರ್ ಅಂಕಲ್ ಎದ್ದರು. ಮೈಕ್ ಹಿಡಿದವರು ಅದನ್ನು ಅವರ ಗಡ್ಡದ ಹತ್ತಿರ ತಂದರು. ಗಾಜು ಈಗ ಸರಿಯಾಗಿದೆ ಎಂದರು. ಎಲ್ಲರೂ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿದರು. ಮೈಕನ್ನು ತಾವೇ ಕೈಗೆ ತೆಗೆದುಕೊಂಡರು. ಹಿಂದಿನ ಸಾಲಿನಲ್ಲಿ ನಸೀಮಾ ಆಂಟಿ ಪರ್ಸಿನ ಜಿಪ್ಪನ್ನು ತೆರೆದು ಮುಚ್ಚಿದರು.

"ಹೊಸಾ ಸೋನಾಮಸೂರಿ ಬಂದೈತ್ರೀ" ಎಂದು ಹೇಳಿ ಖಾದರ್ ಅಂಕಲ್ ಕೂತರು. ಜನ ನಕ್ಕು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಅಭ್ಯರ್ಥಿಗೆ ಅರ್ಥವಾಗದಿದ್ದರೂ ಅವರೂ ತಟ್ಟಿದರು.

ಹೊರಡುವಾಗ ಸಂಜೆ, ತುಂತುರು ಮಳೆ. ಚಿಕ್ಕಮ್ಮನಿಗೆ ಅಕ್ಕಿ ತರಬೇಕೆಂದು ಅಂಗಡಿಯ ಮುಂದೆ ನಿಲ್ಲಿಸಿದೆವು. ಖಾದರ್ ಅಂಕಲ್ ದುಡ್ಡು ತೆಗೆದುಕೊಳ್ಳಲಿಲ್ಲ, ಚೀಲವನ್ನು ತಾವೇ ಹೊತ್ತು ತಂದು ಡಿಕ್ಕಿಯಲ್ಲಿ ಇಟ್ಟರು. ಆಮೇಲೆ ನನ್ನ ಕಿಟಕಿಯ ಹತ್ತಿರ ಬಂದು, ಮತ್ತೆ ಬಾರವಾ, ನಿನ್ನ ಜೋಡಿ ಜಗಳಾಡಾಕ ಮಜಾ ಬರ್ತದ ಎಂದರು. ಅವರ ಬೆನ್ನ ಹಿಂದೆ ಆ ಗಾಜು, ಅದರಲ್ಲಿ ನಮ್ಮ ಕಾರಿನ ದೀಪ.

ಪ್ರಕಾಶ್ ಅಂಕಲ್ ಗೇರ್ ಹಾಕಿದರು. ನಾನು ಗಾಜು ಇಳಿಸಿಯೇ ಇಟ್ಟುಕೊಂಡು ಖಾದರ್ ಅಂಕಲ್ ಕಡೆ ಬಾಗಿದೆ.

"ನೀವು ಯಾರಿಗೆ ವೋಟ್ ಹಾಕ್ತೀರಿ ಅಂತ ಕೇಳಲ್ಲ ಅಂಕಲ್. ಆದ್ರೆ ಇವತ್ತು ಬಂದಿದ್ದ ಕ್ಯಾಂಡಿಡೇಟೇ ಗೆದ್ದು, ನಿಮ್ಮ ಪರವಾಗಿ ಕೋರ್ಟಲ್ಲಿ ನಿಂತು ಡ್ಯಾರೆನ್ ಎರಡನೇ ಸಲ ಬಂದಿದ್ದ ಅಂದ್ರೆ, ಬರಲಿಲ್ಲ ಅಂತ ಯಾರು ಹೇಳ್ತಾರೆ?"