ತಾಯಿಮೋಡ ಸುರಿದಾಗ ಚಪ್ಪಾಳೆ ತಟ್ಟಿದವರು

...ಅಥವಾ ಚಪ್ಪಾಳೆ ತಟ್ಟಿದ್ದು ಅಪ್ಪನಲ್ಲ, ಹಿಂದಿನ ಸಾಲಿನವರಿರಬಹುದು. ಅಪ್ಪನ ಎರಡೂ ಕೈ ಮೇಲಕ್ಕೆದ್ದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟುತ್ತದೆ. ಟಾಕೀಸಿನ ಪರದೆಯ ಬೆಳಕಿಗೆ ಅವನ ಬೆರಳುಗಳ ಅಂಚು ನೀಲಿಯಾಗಿತ್ತು. ಆದರೆ ಇಷ್ಟು ಚೆನ್ನಾಗಿ ಕಾಣುವ ನೆನಪನ್ನು ನಾನು ನಂಬುವುದಿಲ್ಲ. ಅದೇ ನೆನಪಿನಲ್ಲಿ ನನ್ನ ಅಕ್ಕನ ಮಗಳು ಕೆಂಪು ಫ್ರಾಕು ತೊಟ್ಟು ನಮ್ಮಿಬ್ಬರ ನಡುವೆ ಕೂತಿದ್ದಾಳೆ. ಆ ಫ್ರಾಕು ಅಷ್ಟು ಹೊತ್ತಿಗಾಗಲೇ ಅವಳಿಗೆ ಬಿಗಿಯಾಗಿ ಮೂಲೆ ಸೇರಿತ್ತು ಎಂದು ಅಮ್ಮ ಹೇಳುತ್ತಾಳೆ. ಅಕ್ಕ ಮಗುವನ್ನು ಎತ್ತಿಕೊಂಡಿರುವ ಒಂದು ಫೋಟೋ ನಮ್ಮ ಗೋಡೆಯ ಮೇಲಿದೆ. ಫ್ರಾಕು ಅಲ್ಲಿಂದ ನನ್ನ ನೆನಪಿನೊಳಕ್ಕೆ ಇಳಿದು ಬಂದಿರಬೇಕು. ಫ್ರಾಕು ಹಾಗೆ ಬರಬಹುದಾದರೆ ಚಪ್ಪಾಳೆಯೂ ಎಲ್ಲಿಂದಲೋ ಬಂದಿರಬಹುದು.

ಖಚಿತವಾಗಿ ಗೊತ್ತಿರುವಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಕ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕಾಯಿಲೆ ಗೊತ್ತಾಗಿ ತಿಂಗಳು ತುಂಬಿರಲಿಲ್ಲ. ಅವಳನ್ನು ಕೊಟ್ಟಿದ್ದು ತರೀಕೆರೆಗೆ. ನಮ್ಮದು ಕಡೂರಿನಿಂದ ಆಚೆಗೆ, ರಾಗಿ ಹೊಲ, ಒಂದಿಷ್ಟು ತೆಂಗು ಇರುವ ಊರು. ಮಗುವಿಗೆ ಆಗ ಆರು ವರ್ಷ. ಮಣ್ಣು ಮಾಡುವ ದಿನ ಅವಳನ್ನು ಕರೆತರಲಿಲ್ಲ. ನಮ್ಮ ಅತ್ತೆಯೊಬ್ಬಳು ಅವಳನ್ನು ಶಿವನಿ ಎಂಬ ಊರಿಗೆ ಕರೆದುಕೊಂಡು ಹೋಗಿ, ಅಲ್ಲಿಯ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಸಾಯಂಕಾಲದವರೆಗೆ ರೈಲು ತೋರಿಸಿದಳು. ಅಷ್ಟು ಸಣ್ಣ ಮಗುವನ್ನು ತಾಯಿಯ ಹೆಣದ ಮುಂದೆ ನಿಲ್ಲಿಸುವುದಿಲ್ಲ, ನಮ್ಮ ಕಡೆಯ ಪದ್ಧತಿ ಅದು. ಪದ್ಧತಿ ಇದ್ದದ್ದು ಅಲ್ಲಿಯವರೆಗೆ ಮಾತ್ರ. ಆಮೇಲೆ ಆ ಮಗುವಿಗೆ ಯಾರು ಹೇಳಬೇಕು, ಏನಂತ ಹೇಳಬೇಕು ಎಂಬುದಕ್ಕೆ ಯಾವ ಪದ್ಧತಿಯೂ ಇರಲಿಲ್ಲ.

"ಅಮ್ಮ ಆಸ್ಪತ್ರೇಲವಳೆ ಕಣವ್ವ. ವಾಸಿ ಮಾಡ್ಕಂಡು ಬತ್ತಾಳೆ" ಎಂದು ಮೊದಲ ದಿನ ಯಾರೋ ಅಂದರು. ಯಾರು ಅಂದದ್ದು ಎಂದು ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ. ಮರುದಿನ ಎಲ್ಲರೂ ಅದನ್ನೇ ಅಂದೆವು. ಮಗುವನ್ನು ನಮ್ಮ ಮನೆಗೆ ಕರೆತಂದು ಇಲ್ಲಿಯ ಶಾಲೆಗೆ ಸೇರಿಸಿದೆವು. ಭಾವ ಶನಿವಾರ ಬಂದು ಹೋಗುತ್ತಿದ್ದ. ಒಂದು ಸಲ ಅವನು ಅಪ್ಪನ ಮುಂದೆ ತಲೆ ತಗ್ಗಿಸಿ ಹೇಳಿದ: "ನನ್ ಕೈಲಿ ಆಗಲ್ಲ ಮಾವ. ನೀವೇ ಹೇಳಿ."

ಅಪ್ಪ ನನ್ನ ಕಡೆ ತಿರುಗಿದ. "ಲೇ, ಪುಸ್ತಕ ಬರಿಯೋನು ನೀನು. ಅಷ್ಟಷ್ಟು ದಪ್ಪದ್ದು ಬರೀತೀಯ. ಒಂದ್ ಮಾತು ಹೇಳಕ್ಕಾಗಲ್ವಾ?"

ನಾನಾಗ ಅಜ್ಜಂಪುರದಲ್ಲಿ ಕೆಲಸದಲ್ಲಿದ್ದೆ, ಭಾನುವಾರ ಮನೆಗೆ ಬರುತ್ತಿದ್ದೆ. ಆ ಒಂದು ಮಾತನ್ನು ಇಟ್ಟುಕೊಂಡು ಆರೇಳು ಭಾನುವಾರ ಬಂದೆ. ಅದನ್ನೇ ಇಟ್ಟುಕೊಂಡು ವಾಪಸು ಹೋದೆ.

ಆಗ ತರೀಕೆರೆಯ ಟಾಕೀಸಿಗೆ ಒಂದು ಕಾರ್ಟೂನ್ ಸಿನಿಮಾ ಬಂತು. ಬೇರೆ ದೇಶದ್ದು, ಮಾತು ಮಾತ್ರ ಕನ್ನಡಕ್ಕೆ ಮಾಡಿದ್ದರು. ಒಂದು ತಾಯಿಮೋಡ, ಅದರ ಮರಿಮೋಡ. ನಡುವೆ ತಾಯಿ ಇಲ್ಲವಾಗುತ್ತಾಳೆ ಎಂದು ನನಗೆ ಮೊದಲೇ ಗೊತ್ತಿತ್ತು. ಆ ಸಿನಿಮಾವನ್ನು ನಾನು ಆರಿಸಿದ್ದೇ ಅದಕ್ಕೆ. ನನ್ನಿಂದಾಗದ ಮಾತನ್ನು ಪರದೆ ಹೇಳಲಿ, ಆಮೇಲೆ ಬಸ್ಸಿನಲ್ಲಿ ಬರುವಾಗ ನಾನು ಬರೀ ಹೂಂ ಎನ್ನಲಿ ಎಂಬುದು ನನ್ನ ಲೆಕ್ಕಾಚಾರ. ಇದನ್ನು ಅಪ್ಪನಿಗೆ ಹೇಳಿರಲಿಲ್ಲ.

"ಗೊಂಬೆ ಸಿನ್ಮಾಕ್ಕೆ ನಾನ್ಯಾಕಪ್ಪಾ?" ಎಂದ ಅಪ್ಪ.

"ಬಾ ತಾತ, ನಿಂಗೆ ಅರ್ಥ ಆಗ್ದೆ ಇದ್ರೆ ನಾನು ಹೇಳ್ಕೊಡ್ತೀನಿ" ಎಂದಳು ಮಗು. ಅಪ್ಪ ಹೊಸ ಟವಲು ಹಾಕಿಕೊಂಡು ಹೊರಟ.

ತರೀಕೆರೆಯಲ್ಲಿ ಬಸ್ಸಿಳಿದ ಕೂಡಲೇ ನನ್ನ ಲೆಕ್ಕಾಚಾರದ ತಪ್ಪು ನನಗೆ ಗೊತ್ತಾಯಿತು. ಅದು ಅವಳ ಊರು. ಟಾಕೀಸಿನಿಂದ ಅವಳ ಮನೆಗೆ ಹತ್ತು ನಿಮಿಷದ ದಾರಿ.

"ಮಾಮ, ಮನೆಗೆ ಹೋಗಾಣ. ಅಮ್ಮ ಬಂದಿರ್ಬೋದು."

"ನಿಮ್ಮಪ್ಪ ಬೀಗ ಹಾಕ್ಕಂಡು ಹೋಗವ್ರೆ ಕಣವ್ವ" ಎಂದ ಅಪ್ಪ. ಸುಳ್ಳನ್ನು ಅಷ್ಟು ಸಲೀಸಾಗಿ ಹೇಳುವುದನ್ನು ಅವನು ಅಷ್ಟರಲ್ಲಿ ಕಲಿತಿದ್ದ.

ಮಕ್ಕಳ ಸಿನಿಮಾ ದೊಡ್ಡವರಿಗೂ ಯಾಕೆ ಹಿಡಿಸುತ್ತದೆ ಎಂದು ಬರೆದುಕೊಡಿ ಅಂತ ಒಂದು ಪತ್ರಿಕೆಯವರು ಈಚೆಗೆ ಕೇಳಿದರು. ಬರೆದೆ. ಇಂಥ ಸಿನಿಮಾದಲ್ಲಿ ನಗು ಎರಡು ಎತ್ತರದಲ್ಲಿರುತ್ತದೆ, ಒಂದು ಮಕ್ಕಳ ಕೈಗೆಟುಕುವಷ್ಟು ಕೆಳಗೆ, ಇನ್ನೊಂದು ದೊಡ್ಡವರ ಎತ್ತರಕ್ಕೆ ಎಂದು ಬರೆದೆ. ಆ ದಿನದ ಉದಾಹರಣೆ ಕೊಟ್ಟೆ: ಮರಿಮೋಡಕ್ಕೆ ಬಿಕ್ಕಳಿಕೆ ಬಂದಾಗಲೆಲ್ಲ ಸಣ್ಣ ಮಿಂಚು ಹೊಡೆಯುತ್ತಿತ್ತು, ಮಕ್ಕಳು ಬಿದ್ದು ಬಿದ್ದು ನಕ್ಕವು. ದಾರಿಯಲ್ಲಿ ಗಾಳಿಯೊಂದು ಅಮಲ್ದಾರನ ಹಾಗೆ ಅಡ್ಡ ನಿಂತು, "ನೀನು ಯಾವ ತಾಲ್ಲೂಕಿನ ಮೋಡ? ಖಾತೆ ಯಾರ ಹೆಸರಲ್ಲಿದೆ?" ಎಂದು ಕೇಳಿತು. ಅದಕ್ಕೆ ದೊಡ್ಡವರು ನಕ್ಕರು, ಮಕ್ಕಳು ತಿರುಗಿ ಅವರ ಮುಖ ನೋಡಿದವು. ಇಷ್ಟೂ ನಿಜ. ಲೇಖನ ಅಚ್ಚುಕಟ್ಟಾಗಿತ್ತು. ಕಳಿಸಲಿಲ್ಲ. ಆ ಟಾಕೀಸಿನಲ್ಲಿ ಆದದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಆದದ್ದು ಇದು. ತಾಯಿಮೋಡ ಒಂದು ಒಣ ಊರಿನ ಮೇಲೆ ಬಂದು ನಿಂತಿತು. ಕೆಳಗೆ ನೆಲ ಬಿರಿದಿತ್ತು. ಹೆಂಗಸರು ಖಾಲಿ ಕೊಡ ಹಿಡಿದು ಮೇಲೆ ನೋಡುತ್ತಿದ್ದರು. ತಾಯಿ ಮರಿಯ ಕಡೆ ಒಮ್ಮೆ ನೋಡಿತು, ಕಪ್ಪಗಾಯಿತು, ಗುಡುಗಿತು, ಸುರಿಯತೊಡಗಿತು. ಸುರಿಯುತ್ತಾ ಅಂಚಿನಿಂದ ತೆಳ್ಳಗಾಗುತ್ತಾ ಬಂತು. ಸಂಗೀತವೆಲ್ಲ ನಿಂತು ಬರೀ ಮಳೆಯ ಸದ್ದು. ಸಿನಿಮಾ ಮಾಡಿದ ದೇಶದಲ್ಲಿ ಆ ಹೊತ್ತಿಗೆ ಟಾಕೀಸಿನ ತುಂಬ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ.

ನಮ್ಮವರು ಶಿಳ್ಳೆ ಹೊಡೆದರು.

ಅವರದು ತಪ್ಪಲ್ಲ. ಬಯಲು ಕಡೆಯಿಂದ ಬಂದವರೇ ಬಹಳ ಜನ ಇದ್ದರು. ಕಡೂರಿನ ಕಡೆಯಲ್ಲಿ ಮೋಡ ಬರುವುದು ಪಡುವಣದಿಂದ, ಗುಡ್ಡದ ಮೇಲೆಲ್ಲ ಸುರಿದು ಮುಗಿಸಿಕೊಂಡು, ಬೆಳ್ಳಗೆ. ಪ್ರತಿ ಆಷಾಢದಲ್ಲೂ ಅಂಗಳದಲ್ಲಿ ನಿಂತು ಅವು ದಾಟಿಹೋಗುವುದನ್ನು ನೋಡಿದವರಿಗೆ, ಒಂದು ಮೋಡ ತಮ್ಮಂಥ ಊರಿನ ಮೇಲೆ ನಿಂತು ಪೂರ್ತಿ ಖಾಲಿಯಾಗುವುದು ಎಂದರೆ ಬೇರೇನು? ಯಾರಿಗೂ ಅಲ್ಲಿ ತಾಯಿ ಕಾಣಲಿಲ್ಲ. ಮಳೆ ಕಂಡಿತು.

"ಆರಿದ್ರಾ ಮಳೆ ಕಣೋ! ನೋಡು ಹೆಂಗ್ ಹಿಡೀತು!" ಎಂದ ಅಪ್ಪ ಗಟ್ಟಿಯಾಗಿ.

"ಆರಿದ್ರಾ ಎಲ್ಲಿ ಬಂತಣ್ಣ, ಗುಡುಗು ಕೇಳಿಸ್ಲಿಲ್ವಾ? ಹಸ್ತ ಇದು" ಎಂದಿತು ಹಿಂದಿನ ಸಾಲು.

"ಹಸ್ತಕ್ಕೆ ಹೊಲ ಹಿಂಗ್ ಬಿರಿದಿರ್ತದೇನಯ್ಯಾ?"

"ಸುಮ್ನಿರ್ರೋ, ಫಾರಿನ್ ಮಳೆ ಅದು. ಅದ್ಕೆ ನಕ್ಷತ್ರ ಇಲ್ಲ" ಎಂದ ಇನ್ನೊಬ್ಬ. ಟಾಕೀಸೇ ನಕ್ಕಿತು. ಅಪ್ಪನ ಕೈ ಮೇಲಕ್ಕೆದ್ದದ್ದು ಆಗ. ತಟ್ಟಿದನೋ, ಬರೀ ಎತ್ತಿದನೋ.

"ತಾತ," ಮಗು ಅವನ ಟವಲು ಎಳೆದಳು. "ಮರಿಮೋಡದ ಅಮ್ಮ ಎಲ್ಲಿ?"

"ಅದೇ ಕಣವ್ವ, ಸುರೀತಲ್ಲ! ಕೆರೆ ತುಂಬ್ತು ನೋಡು ಅಲ್ಲಿ!"

"ಮತ್ತೆ ಬರಲ್ವಾ?"

"ಸುರಿದ್ಮೇಲೆ ಇನ್ನೆಲ್ಲಿ ಬತ್ತದೆ..."

ನಾನು ಆರೇಳು ಭಾನುವಾರ ಹೊತ್ತು ತಿರುಗಿದ ಮಾತು ಅದು. ಅವನ ಬಾಯಿಂದ ನಗುನಗುತ್ತಾ ಹೊರಗೆ ಬಂದಿತ್ತು. ತಾನು ಅಂದದ್ದೇನೆಂದು ಅವನಿಗೆ ಗೊತ್ತಾದದ್ದು ನನಗೆ ಗೊತ್ತಾಯಿತು. ಟವಲು ಮುಖಕ್ಕೆ ಒತ್ತಿಕೊಂಡು ಮುಂದಕ್ಕೆ ಬಾಗಿದ. ಮಗು ಅತ್ತಳೇ? ಅತ್ತಳು ಎಂದು ಬರೆಯಲು ಕೈ ಹೋಗುತ್ತದೆ, ಯಾಕೆಂದರೆ ಅಳುವುದು ಸರಿಹೊಂದುತ್ತದೆ. ಅವಳು ಪರದೆಯನ್ನೇ ನೋಡುತ್ತಾ ಕೂತಿದ್ದಳು ಎಂದು ನನ್ನ ನೆನಪು. ಕೊನೆಗೆ ಮರಿಮೋಡ ತುಂಬಿದ ಕೆರೆಯ ಮೇಲೆ ಬಂದು ನಿಲ್ಲುತ್ತದೆ, ಅದರ ನೆರಳು ನೀರಿಗೆ ಬೀಳುತ್ತದೆ, ಸಿನಿಮಾ ಮುಗಿಯುತ್ತದೆ.

ಬಸ್ಸಿನಲ್ಲಿ ಮೂರು ಜನರ ಸೀಟು. ಅಪ್ಪ ಕಿಟಕಿಗೆ, ಮಗು ನಡುವೆ, ನಾನು ಈಚೆಗೆ. ತರೀಕೆರೆಯಿಂದ ಬೀರೂರಿನವರೆಗೆ ಯಾರೂ ಮಾತಾಡಲಿಲ್ಲ. "ನೋಡು ಪುಟ್ಟಿ, ನಿಮ್ಮಮ್ಮ..." ಎಂದು ಮೂರು ಸಲ ಬಾಯೊಳಗೇ ಅಂದುಕೊಂಡೆ. ಬೀರೂರಿನಲ್ಲಿ ಜನ ನುಗ್ಗಿದರು. ಕಡೂರು ಬಂತು. ನಾನು ಹೇಳಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಅನುಮಾನವೇ ಇಲ್ಲದ ಜಾಗ ಅದೊಂದೇ ಆಗಿತ್ತು.

ಆಮೇಲೆ ಸಿನಿಮಾ ಮೊಬೈಲಿಗೆ ಬಂತು. ಅವಳು ಕೇಳಿದಳು, ಹಾಕಿಕೊಟ್ಟೆ. ಸಂಜೆ ದನ ಕಟ್ಟಿ ಬಂದ ಮೇಲೆ ತಾತ ಮೊಮ್ಮಗಳು ಜಗಲಿಯ ಮೇಲೆ ಒಂದೇ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು. ಅಪ್ಪ ಅದನ್ನು ಎಷ್ಟು ಸಲ ನೋಡಿದನೋ. ಭಾನುವಾರ ನಾನು ಕಂಡದ್ದು ಇಷ್ಟು: ತಾಯಿಮೋಡ ಕಪ್ಪಗಾಗುವ ಹೊತ್ತಿಗೆ ಮಗು ಎದ್ದು, ಮೊಬೈಲನ್ನು ತಾತನ ಕೈಗೆ ಕೊಟ್ಟು, "ನಿಂಗೆ ಮಳೆ ಇಷ್ಟ ಅಲ್ವಾ, ನೋಡು" ಎಂದು ಅಂಗಳಕ್ಕೆ ಹೋಗುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬೆನ್ನು ಮಾಡಿ ನಿಂತಿರುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಮಳೆ ನಿಂತಾ ತಾತ?"

"ನಿಂತೈತೆ, ಬಾ."

ಅವಳಿಗೆ ಗೊತ್ತಿದೆ, ಗೊತ್ತಿರುವುದನ್ನು ಅವಳು ತಾತನಿಂದ ಮುಚ್ಚಿಡುತ್ತಿದ್ದಾಳೆ ಎಂದು ಆಗ ನನಗನ್ನಿಸಿತು. ಬರೆಯುವವನಿಗೆ ಇಂಥದ್ದು ಸಿಕ್ಕಿದರೆ ಬಿಡುತ್ತಾನೆಯೇ? ಈಚೆಗೆ ಪತ್ರಿಕೆಯವರು ಕೇಳಿದ ಪ್ರಶ್ನೆಗೂ ಇದೇ ಉತ್ತರ ಎಂದುಕೊಂಡೆ. ಒಂದೇ ಸಿನಿಮಾವನ್ನು ಇಬ್ಬರು ನೋಡುತ್ತಾರೆ, ಒಬ್ಬರು ಇನ್ನೊಬ್ಬರಿಗೋಸ್ಕರ. ಹಾಗೆಂದು ಹೊಸದಾಗಿ ಬರೆದು ಅಮ್ಮನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ಅಂದಳು:

"ಎದ್ ಹೋಗ್ತಿದ್ದೋರು ನಿಮ್ಮಪ್ಪ ಕಣೋ. ಮಗು ಕೂತೇ ಇರೋದು. ಕಲ್ಲತ್ರ ನಿಂತ್ಕಂಡು 'ಮಳೆ ನಿಂತೇನವ್ವಾ?' ಅಂತ ಕೇಳ್ತಿದ್ದೋರು ಅವ್ರು."

"ಇಲ್ಲಮ್ಮ, ನಾನೇ ನೋಡಿದೀನಿ."

"ನೀನು ವಾರಕ್ಕೊಂದ್ ದಿನ ಬರೋನು. ನಾನು ದಿನಾ ನೋಡ್ದೋಳು."

ಅಪ್ಪನನ್ನು ಕೇಳುವ ಹಾಗಿಲ್ಲ. ಅವನು ಹೋಗಿ ಎರಡು ವರ್ಷವಾಯಿತು. ಇಬ್ಬರೂ ಎದ್ದು ಹೋಗುತ್ತಿದ್ದಿರಬಹುದು, ಒಂದು ದಿನ ಅವಳು, ಒಂದು ದಿನ ಅವನು. ಮೊಬೈಲು ಖಾಲಿ ಜಗಲಿಯ ಮೇಲೆ ತನ್ನಷ್ಟಕ್ಕೆ ಮಳೆ ಸುರಿಸುತ್ತಿದ್ದ ದಿನವೂ ಇದ್ದೀತು.

ಮಗು ಈಗ ಹೈಸ್ಕೂಲು. ತರೀಕೆರೆಯಲ್ಲಿ ಅವಳಪ್ಪನ ಜೊತೆ ಇದ್ದಾಳೆ, ರಜಕ್ಕೆ ನಮ್ಮಲ್ಲಿಗೆ ಬರುತ್ತಾಳೆ. ಹೋದ ತಿಂಗಳು ನಾನೇ ಕರೆತಂದೆ, ಅದೇ ದಾರಿ, ಅಂಥದೇ ಬಸ್ಸು. ಕಿಟಕಿಯ ಪಕ್ಕ ಅವಳು. ಬೀರೂರು ಇನ್ನೂ ಬಂದಿರಲಿಲ್ಲ. ಕೇಳಿದೆ. ಇಷ್ಟು ವರ್ಷ ಯಾರೂ ಅವಳನ್ನು ಕೇಳಿರಲಿಲ್ಲ.

"ಅಮ್ಮನ ವಿಷ್ಯ ನಿಂಗೆ ಯಾವಾಗ ಗೊತ್ತಾಯ್ತು?"

ಅವಳು ಮೊಬೈಲಿನಿಂದ ತಲೆಯೆತ್ತಿದಳು. "ನೀನೇ ಹೇಳಿದ್ದಲ್ಲ ಮಾಮ."

"ನಾನಾ? ಎಲ್ಲಿ?"

"ಬಸ್ಸಲ್ಲೇ. ಸಿನ್ಮಾ ನೋಡ್ಕಂಡು ಬರ್ತಾ. ತಾತ ನಿದ್ದೆ ಹೋಗಿತ್ತು."

"ಏನಂತ ಹೇಳ್ದೆ?"

"ಅದು ನೆನಪಿಲ್ಲ. ನೀನು ಕಡ್ಲೆಕಾಯಿ ಕೊಡಿಸಿದ್ದೆ. ಸಿಪ್ಪೆ ಬಸ್ಸಲ್ಲಿ ಹಾಕ್ಬೇಡ ಅಂದೆ, ನಿನ್ ಜೇಬಿಗೇ ತುಂಬ್ಕಂಡೆ. ಆಮೇಲೆ ಹೇಳ್ದೆ."

"ಇಲ್ಲ ಪುಟ್ಟಿ, ನಾನು ಹೇಳ್ಲಿಲ್ಲ. ಹೇಳ್ಬೇಕು ಅಂತಿದ್ದೆ, ಆಗ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. "ಬಿಡು ಮಾಮ, ನೀನು ಹೇಳಿದ್ದೆ" ಎಂದು ಮತ್ತೆ ಮೊಬೈಲಿಗೆ ತಲೆ ತಗ್ಗಿಸಿದಳು.

ಕಡ್ಲೆಕಾಯಿ ನನಗೆ ನೆನಪಿಲ್ಲ. ಜೇಬಿನಲ್ಲಿ ಸಿಪ್ಪೆ ಇತ್ತೇ ಎಂದು ಅಮ್ಮನನ್ನು ಕೇಳಿದೆ, ನಿನ್ನ ಜೇಬಿನಲ್ಲಿ ಯಾವಾಗ ತಾನೇ ಕಸ ಇರುವುದಿಲ್ಲ ಎಂದಳು. ಹೇಳಿ ಮರೆತಿರಬಹುದು. ಅಥವಾ, ನನಗೆ ಹೇಳಲಾಗಲಿಲ್ಲ ಎಂದು ಗೊತ್ತಿದ್ದೇ, ಹೇಳಿದೆ ಎಂದು ಅವಳು ನನಗೆ ಹೇಳುತ್ತಿರಬಹುದು, ಅಮ್ಮ ವಾಸಿ ಮಾಡಿಕೊಂಡು ಬರುತ್ತಾಳೆ ಎಂದು ನಾವು ಅವಳಿಗೆ ಹೇಳಿದ ಹಾಗೆ. ಆ ಸಂಜೆ ನಾನು ಹೇಳಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಹೇಳಿದ್ದರೆ ಏನಂತ ಹೇಳಿದೆ ಎಂಬುದೂ ಗೊತ್ತಿಲ್ಲ.